ಕವಚದ ಮೇಲಿನ ಸವೆತ ಅಲಂಕಾರವಲ್ಲ

ಮಾಂತ್ರಿಕ ಲೋಕದ ವಿಡಿಯೊ ಆಟಗಳ ಬಗೆಗಿನ ಲೇಖನವೊಂದರಲ್ಲಿ, ಹೊಡೆತ ತಿಂದ ಕವಚ ತಗ್ಗುಬಿದ್ದು ಸವೆಯುವುದನ್ನು ತೆರೆಯ ಮೇಲೆ ತೋರಿಸುವುದು ಬರಿಯ ಅಲಂಕಾರವೆಂದು ಲೇಖಕರು ಹೇಳಿದ ಮಾತನ್ನು ಒಪ್ಪುವುದು ಕಷ್ಟ. 2006ರ ‘ಆಬ್ಲಿವಿಯನ್’ ಆಟದಲ್ಲಿ ಪ್ರತಿ ಪೆಟ್ಟಿಗೂ ಕವಚದ ಬಾಳಿಕೆಯ ಅಂಕಿ ಇಳಿಯುತ್ತಿತ್ತು, ಸುತ್ತಿಗೆಯಿಂದ ದುರಸ್ತಿಯನ್ನೂ ಮಾಡಿಕೊಳ್ಳಬೇಕಿತ್ತು. ಆದರೆ ಮುರಿಯುವ ಹಂತ ತಲುಪಿದ ಕವಚವೂ ಹೊಸದರಂತೆಯೇ ಹೊಳೆಯುತ್ತಿದ್ದುದರಿಂದ ಆ ಸವೆತ ಕಿರಾಣಿ ಅಂಗಡಿಯ ಲೆಕ್ಕದಂತೆ ಬೇಸರ ತರಿಸುತ್ತಿತ್ತು. ಅದೇ ಸರಣಿಯ 2011ರ ‘ಸ್ಕೈರಿಮ್’ ಆ ಅಂಕಿಯನ್ನೇ ಕೈಬಿಟ್ಟಿತು. 2018ರ ‘ಕಿಂಗ್‌ಡಮ್ ಕಮ್: ಡೆಲಿವರನ್ಸ್’ (ಅದು ಮಾಂತ್ರಿಕ ಲೋಕದ್ದಲ್ಲ, ಇಂದಿನ ಚೆಕ್ ದೇಶದಲ್ಲಿರುವ ಬೊಹೀಮಿಯಾದ 1403ರ ಕಥೆ, ನಿಜ) ಉಡುಪಿನ ಮೇಲೆ ಕೆಸರು, ರಕ್ತಗಳನ್ನು ತೋರಿಸಿದ್ದಲ್ಲದೆ, ಜನ ನಾಯಕನನ್ನು ಕಾಣುವ ರೀತಿಯನ್ನೂ ಅದಕ್ಕೆ ಜೋಡಿಸಿತು.

ಗೀರು, ತುಕ್ಕುಗಳನ್ನು ಮೇಲ್ಮೈ ಚಿತ್ರದ ಇನ್ನೊಂದು ಪದರವಾಗಿ ಸೇರಿಸಬಹುದು, ಸಣ್ಣ ತಗ್ಗನ್ನು ಬೆಳಕಿನ ಲೆಕ್ಕ ಬದಲಿಸಿಯೇ ತೋರಿಸಬಹುದು. ಲೋಹದ ಬಳೆಗಳನ್ನು ಹೆಣೆದು ಮಾಡಿದ ಸರಪಳಿ ಅಂಗಿ ಹರಿದರೆ ಮಾತ್ರ ಆಕೃತಿಯನ್ನೇ ಬದಲಿಸಬೇಕಾಗುವುದರಿಂದ ಶ್ರಮ ಹೆಚ್ಚು. ನಮ್ಮ ವಿಜಯಪುರದ ಗೋಳಗುಮ್ಮಟದ ಎದುರಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಆಯುಧಗಳನ್ನು ಕಂಡವರಿಗೆ, ಮೈತುಂಬ ಒಂದೇ ಸಮನಾಗಿ ಬಳಿದ ಆಟದ ತುಕ್ಕು ಕೂಡಲೇ ಸುಳ್ಳೆನಿಸುತ್ತದೆ. ಬಳಕೆಯ ಲೋಹ ಅಂಚು, ಹಿಡಿ, ಕೀಲುಗಳಲ್ಲಿ ಮೊದಲು ಸವೆಯುತ್ತದೆ. ಎಡಭುಜಕ್ಕೆ ಬಿದ್ದ ಏಟಿನ ಗುರುತು ಎಡಭುಜದಲ್ಲೇ ಮೂಡಿ, ಕಮ್ಮಾರ ಅದನ್ನು ಬಡಿದು ಸರಿಪಡಿಸಿದ ಮೇಲೂ ಸ್ವಲ್ಪ ಉಳಿಯುವಂತೆ ಮಾಡುವ ಆಟಕ್ಕೆ ನಾನು ಪೂರ್ತಿ ಬೆಲೆ ಕೊಡಲು ಸಿದ್ಧ.