52 ಕೋಟಿಯ ಬಾಳೆಹಣ್ಣು ಮತ್ತು ಬೆಂಗಳೂರಿನ ಆನೆಮರಿ

ನಮ್ಮ ಅಡುಗೆಮನೆಯ ಸ್ವಿಚ್‌ಬೋರ್ಡು ಎರಡು ವರ್ಷದಿಂದ ಒಂದು ತುಂಡು ಡಕ್ಟ್ ಟೇಪಿನ ಆಸರೆಯಲ್ಲಿ ನಿಂತಿದೆ. ಅದರ ಪಕ್ಕದ ಮೊಳೆಗೆ ವಾರಕ್ಕೊಂದು ಚಿಪ್ಪು ಯಾಲಕ್ಕಿ ಬಾಳೆ ನೇತು ಹಾಕುತ್ತೇವೆ. ಟೇಪಿಗೂ ಹಣ್ಣಿಗೂ ಒಂದು ಗೇಣು ದೂರ. ಆ ಒಂದು ಗೇಣು ದಾಟಿಸುವ ಬುದ್ಧಿ ಮನೆಯಲ್ಲಿ ಯಾರಿಗೂ ಬರಲಿಲ್ಲ. ಬಂದಿದ್ದರೆ ನಾನು ಹೀಗೆ ಅಂಕಣ ಗೀಚುತ್ತಾ ಕೂರುತ್ತಿರಲಿಲ್ಲ.

ಇಟಲಿಯ ಕಲಾವಿದ ಮಾರಿಟ್ಸಿಯೊ ಕ್ಯಾಟಲಾನ್‌ನ ಬಾಳೆಹಣ್ಣಿನ ಕಥೆ ನಿಮಗೆ ಗೊತ್ತೇ ಇದೆ. 2019ರಲ್ಲಿ ಮಯಾಮಿಯ ಕಲಾಮೇಳದಲ್ಲಿ ಒಂದು ಬಾಳೆಹಣ್ಣನ್ನು ಡಕ್ಟ್ ಟೇಪಿನಲ್ಲಿ ಗೋಡೆಗೆ ಅಂಟಿಸಿ ಇದೇ ಕಲೆ ಅಂದಾಗ 1,20,000 ಡಾಲರ್. 2024ರ ನವೆಂಬರ್ 20ರಂದು ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ 62 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 52 ಕೋಟಿ ರೂಪಾಯಿ. ಹಣ್ಣು ಮಾತ್ರ ಹತ್ತಿರದ ಗಾಡಿಯಲ್ಲಿ 35 ಸೆಂಟ್ ಕೊಟ್ಟು ತಂದದ್ದು. ಕೊಂಡ ಕ್ರಿಪ್ಟೋ ಉದ್ಯಮಿ ಜಸ್ಟಿನ್ ಸನ್ ಒಂಬತ್ತು ದಿನ ಬಿಟ್ಟು ಹಾಂಗ್‌ಕಾಂಗಿನ ಹೋಟೆಲಿನಲ್ಲಿ ಪತ್ರಕರ್ತರನ್ನು ಕೂರಿಸಿಕೊಂಡು ಅದನ್ನು ಸುಲಿದು ತಿಂದರು. ಬೇರೆ ಬಾಳೆಹಣ್ಣಿಗಿಂತ ಚೆನ್ನಾಗಿದೆ ಎಂದರು. ಹುಚ್ಚು ಮದುವೆಯಲ್ಲಿ ಉಂಡವನೇ ಜಾಣ.

ಅಯ್ಯೋ, 52 ಕೋಟಿ ಹೊಟ್ಟೆಗೆ ಹೋಯಿತಲ್ಲ ಅಂತ ಕೊರಗಬೇಡಿ. ಅವರು ಕೊಂಡದ್ದು ಹಣ್ಣನ್ನಲ್ಲ, ಇದು ಅಸಲಿ ಕೃತಿ ಅನ್ನುವ ಸರ್ಟಿಫಿಕೇಟನ್ನು. ಇದೇ ಕೃತಿಯ ಇನ್ನೊಂದು ಪ್ರತಿ 2020ರಲ್ಲಿ ಗುಗೆನ್‌ಹೈಮ್ ಮ್ಯೂಸಿಯಮ್ಮಿಗೆ ಬಂದಾಗ ಜೊತೆಗೆ 14 ಪುಟದ ಸೂಚನೆ ಬಂತು. ನೆಲದಿಂದ 175 ಸೆಂಟಿಮೀಟರ್ ಎತ್ತರಕ್ಕೆ ಅಂಟಿಸಿ. ವಾರ, ಹತ್ತು ದಿನಕ್ಕೊಮ್ಮೆ ಹಣ್ಣು ಬದಲಿಸಿ. ಆತ್ಮಕ್ಕೆ ಸಾವಿಲ್ಲ, ಹಳೇ ಬಟ್ಟೆ ಕಳಚಿ ಹೊಸದು ತೊಡುತ್ತದೆ ಅಂತ ನಾವು ಚಿಕ್ಕಂದಿನಿಂದ ಕೇಳಿದ್ದೇ. ಅದಕ್ಕೆ ಬಿಲ್ ಹಾಕಬಹುದು ಅಂತ ಹೊಳೆದಿರಲಿಲ್ಲ, ಅಷ್ಟೆ.

ಇದನ್ನು ಕಂಡು ರೇಗಿದರೆ ಕಲೆ ಬಲ್ಲವರು ತಲೆ ಸವರುತ್ತಾರೆ. ‘ನಿಮಗೆ ಅರ್ಥ, ಕಟ್ಟಳೆ ಎಲ್ಲವನ್ನೂ ಗೇಲಿ ಮಾಡಿದ ದಾದಾಯಿಸಂ ಗೊತ್ತಿಲ್ಲ. ಕನಸನ್ನು ಕಲೆಗೆ ಇಳಿಸಿದ ಸರ್ರಿಯಲಿಸಂ ಗೊತ್ತಿಲ್ಲ. ಅದನ್ನು ಅರ್ಥ ಮಾಡಿಕೊಂಡರೆ ಎಲ್ಲ ಸುಲಿದ ಬಾಳೆಹಣ್ಣು.’ ನಮ್ಮಲ್ಲಿ ದಾದಾ ಅಂದರೆ ಬೀದಿ ರೌಡಿ. ತೀರಾ ತಪ್ಪೇನಲ್ಲ, ದಾದಾ ಕಲಾವಿದರೂ ಹಾಗೇ ಇದ್ದರು.

1917ರಲ್ಲಿ ನ್ಯೂಯಾರ್ಕಿನ ಸ್ವತಂತ್ರ ಕಲಾವಿದರ ಸಂಘ ಒಂದು ಪ್ರದರ್ಶನ ಇಟ್ಟಿತು. 6 ಡಾಲರ್ ಕೊಟ್ಟವರ ಕೃತಿ ಯಾವುದಿದ್ದರೂ ಇಡುತ್ತೇವೆ ಅಂದಿತು. ಅದರ ಮಂಡಳಿಯಲ್ಲೇ ಇದ್ದ ಫ್ರೆಂಚ್ ಕಲಾವಿದ ಮಾರ್ಸೆಲ್ ದುಷಾಂ ‘ಆರ್. ಮಟ್’ ಅನ್ನುವ ಸುಳ್ಳು ಹೆಸರಲ್ಲಿ ಗಂಡಸರ ಮೂತ್ರದ ಪಿಂಗಾಣಿ ಬೇಸಿನ್ ಕಳಿಸಿದ. ಹೆಸರು ‘ಫೌಂಟನ್’. ಯಾವುದಿದ್ದರೂ ಅಂದವರು ಇದೊಂದನ್ನು ಬಿಟ್ಟು ಅಂದರು. ಆತ ರಾಜೀನಾಮೆ ಕೊಟ್ಟ. ಬೇಸಿನ್ ಎಲ್ಲೋ ಕಳೆದೇ ಹೋಯಿತು. ಜೋಕು ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? 1964ರಲ್ಲಿ ಅದರ ಎಂಟು ಪ್ರತಿ ತಯಾರಾದವು. ಅಂಗಡಿಯಲ್ಲಿ ಸಿಗುವ ಮಾಲನ್ನೇ ತಂದು ಕಲೆ ಅಂದಿದ್ದನಲ್ಲ, ಈಗ ಆ ಮಾಡೆಲ್ಲು ಅಂಗಡಿಯಲ್ಲಿಲ್ಲ. ಹಾಗಾಗಿ ಹಳೇ ಫೋಟೋ ನೋಡಿಕೊಂಡು ಕೈಯಲ್ಲಿ ಮಾಡಿಸಿದರು. 1999ರಲ್ಲಿ ಅದರಲ್ಲೊಂದು 17 ಲಕ್ಷ ಡಾಲರಿಗೆ ಹೋಯಿತು.

ಫ್ರಾನ್ಸಿನ ಪಿಯೆರ್ ಪಿನೊಂಚೆಲಿ ಮಾತ್ರ ಜೋಕನ್ನು ಗಂಭೀರವಾಗಿ ತೆಗೆದುಕೊಂಡ. 1993ರಲ್ಲಿ ನೀಮ್ ಊರಿನ ಪ್ರದರ್ಶನಕ್ಕೆ ಹೋಗಿ, ಆ ಬೇಸಿನ್ನನ್ನು ಯಾವ ಕೆಲಸಕ್ಕೆ ಮಾಡಿದ್ದಾರೋ ಅದೇ ಕೆಲಸ ಮಾಡಿದ. ಆಮೇಲೆ ಸುತ್ತಿಗೆಯಲ್ಲಿ ಬಾರಿಸಿದ. 2006ರಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೆ ಸುತ್ತಿಗೆ. ಇದೂ ದಾದಾ ಕಲೆಯೇ ಅಂತ ವಾದಿಸಿದ. ಕೋರ್ಟು ಒಪ್ಪಲಿಲ್ಲ. ಬೇಸಿನ್ನನ್ನು ಬೇಸಿನ್ ಅಂತ ನಂಬಿದವನಿಗೇ ಶಿಕ್ಷೆ.

ಅಮೆರಿಕದ ಕಲಾವಿದ ಮ್ಯಾನ್ ರೇ ಇನ್ನೂ ಚುರುಕು. ಸಂಗೀತದ ತಾಳ ಹಿಡಿಯುವ ಮೆಟ್ರೊನೋಮಿಗೆ ಒಂದು ಕಣ್ಣಿನ ಫೋಟೋ ಸಿಕ್ಕಿಸಿ ‘ನಾಶ ಮಾಡಬೇಕಾದ ವಸ್ತು’ ಅಂತ ಹೆಸರಿಟ್ಟ. 1957ರಲ್ಲಿ ಪ್ಯಾರಿಸ್ ವಿದ್ಯಾರ್ಥಿಗಳು ಹೆಸರು ಓದಿ ಹಾಗೇ ಮಾಡಿದರು. ಈತ ವಿಮೆ ಹಣ ಪಡೆದು ಇನ್ನೊಂದು ಮಾಡಿದ. ಹೊಸ ಹೆಸರು ‘ನಾಶವಾಗದ ವಸ್ತು’.

ನಗು ಬರುತ್ತೆ. ನನಗೂ ಬಂತು. ಆದರೆ ಇದರ ಬೇರು ಹುಡುಕಿಕೊಂಡು ಹೋದರೆ ನಗು ಗಂಟಲಲ್ಲೇ ನಿಲ್ಲುತ್ತೆ. 1916ರ ಫೆಬ್ರುವರಿ 5ರಂದು ಸ್ವಿಟ್ಜರ್ಲೆಂಡಿನ ಜೂರಿಕ್ಕಿನ ಶ್ಪೀಗೆಲ್‌ಗಾಸ್ಸೆ ಓಣಿಯ 1ನೇ ನಂಬರಿನಲ್ಲಿ ಜರ್ಮನ್ ಕವಿಗಳಾದ ಹ್ಯೂಗೋ ಬಾಲ್ ಮತ್ತು ಎಮ್ಮಿ ಹೆನ್ನಿಂಗ್ಸ್ ‘ಕ್ಯಾಬರೇ ವೋಲ್ಟೇರ್’ ಅನ್ನುವ ಹಾಡು-ಕುಣಿತದ ಕ್ಲಬ್ಬು ತೆರೆದರು. ಮೊದಲ ಮಹಾಯುದ್ಧ ಬೇಡ ಅಂತ ಓಡಿ ಬಂದವರ ಅಡ್ಡೆ ಅದು. ದಾದಾ ಹುಟ್ಟಿದ್ದು ಅಲ್ಲೇ. ಅದೇ ಓಣಿಯ 14ನೇ ನಂಬರಿನಲ್ಲಿ ಲೆನಿನ್ ಬಾಡಿಗೆಗಿದ್ದ. ಜೂನ್ 23ರ ರಾತ್ರಿ ಬಾಲ್ ಸೊಂಟದವರೆಗೆ ನೀಲಿ ರಟ್ಟಿನ ಕೊಳವೆ ತೊಟ್ಟು, ತಲೆಗೆ ಮಂತ್ರವಾದಿಯಂಥ ಎತ್ತರದ ಟೋಪಿ ಇಟ್ಟ. ನಡೆಯಲು ಆಗದೆ ಕತ್ತಲಲ್ಲಿ ಅವನನ್ನು ಹೊತ್ತು ತಂದು ವೇದಿಕೆಯ ಮೇಲೆ ನಿಲ್ಲಿಸಿದರು. ಯಾವ ಭಾಷೆಗೂ ಸೇರದ ಪದ್ಯ ಓದಿದ. ಅದರಲ್ಲೊಂದು ಆನೆಗಳ ಮೆರವಣಿಗೆ. ‘ಜೋಲಿಫಾಂಟೋ ಬಂಬ್ಲಾ’ ಅಂತ ಶುರು.

ಹುಚ್ಚು ಅಂದರು ಜನ. ಅದಾದ ಎಂಟನೇ ದಿನ, ಜುಲೈ 1ರಂದು, ಫ್ರಾನ್ಸಿನ ಸೊಮ್ ನದಿಯ ಬಯಲಿನಲ್ಲಿ ಬ್ರಿಟಿಷ್ ಸೈನ್ಯದ 19,240 ಹುಡುಗರು ಒಂದೇ ದಿನ ಸತ್ತರು. ಸಾಲಾಗಿ ನಡೆಯಿರಿ ಅಂದಿದ್ದರು, ನಡೆದರು. ಅದೇ ದೇಶದ ವರ್ಡನ್ನಿನಲ್ಲಿ ಹತ್ತು ತಿಂಗಳಲ್ಲಿ ಸತ್ತವರು ಸುಮಾರು 3 ಲಕ್ಷ. ಕಳಿಸಿದವರು ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ, ಶುದ್ಧ ವ್ಯಾಕರಣದಲ್ಲಿ, ದೇಶ, ಗೌರವ, ತ್ಯಾಗ ಅಂತ ಮಾತಾಡುತ್ತಿದ್ದರು. ಅವರಿಗೆ ಯಾರೂ ಹುಚ್ಚು ಅನ್ನಲಿಲ್ಲ. ಪದಕ ಕೊಟ್ಟರು. ಅರ್ಥ ಇರುವ ಮಾತು ಮಾಡಿದ ಕೆಲಸ ಇದಾದರೆ ನಮಗೆ ಅರ್ಥವೇ ಬೇಡ ಅಂದ ಬಾಲ್‌ನಲ್ಲಿ ಯಾವ ಹುಚ್ಚಿದೆ ಸ್ವಾಮಿ? ಹರಾಜಿನವರೇ, ಅವನ ಸಂಕಟ ಬಿಟ್ಟು ರಟ್ಟಿನ ಟೋಪಿ ಮಾತ್ರ ಎತ್ತಿಕೊಂಡು ಬಂದಿದ್ದೀರಿ. ಅದಕ್ಕೆ ಟೇಪ್ ಹಚ್ಚಿ ಹರಾಜು ಕೂಗುತ್ತಿದ್ದೀರಿ. ಸಾಕಾಗಿದೆ.

ಇರಲಿ. ಆನೆ ಅಂದೆನಲ್ಲ, ಬೆಂಗಳೂರಿನ ಆನೆಯ ಕಥೆ ಹೇಳದೆ ಹೋದರೆ ಪಾಪ ಬರುತ್ತೆ.

1967ರಲ್ಲಿ ಏರ್ ಇಂಡಿಯಾ ತನ್ನ ಫಸ್ಟ್ ಕ್ಲಾಸ್ ಪ್ರಯಾಣಿಕರಿಗೆ ಉಡುಗೊರೆ ಕೊಡಲು ಸಾಲ್ವಡಾರ್ ಡಾಲಿಯಿಂದ ಆ್ಯಶ್‌ಟ್ರೇ ಮಾಡಿಸಿತು. ಹೌದು, ಅದೇ ಕರಗುವ ಗಡಿಯಾರಗಳ ಚಿತ್ರ ಬರೆದ ಸ್ಪೇನಿನ ಸರ್ರಿಯಲಿಸ್ಟ್ ಡಾಲಿ. ಪಿಂಗಾಣಿಯ ಚಿಪ್ಪು, ಅದಕ್ಕೊಂದು ಹಾವು, ಕೆಳಗೆ ಹಂಸ. ತಲೆಕೆಳಗೆ ಮಾಡಿದರೆ ಹಂಸದ ಕತ್ತು ಆನೆಯ ಸೊಂಡಿಲಾಗುತ್ತದೆ. ಎಷ್ಟು ಕೊಡಬೇಕು ಅಂದರೆ ಆತ ದುಡ್ಡು ಕೇಳಲಿಲ್ಲ. ಒಂದು ಆನೆಮರಿ ಕೊಡಿ ಅಂದ. ಆನೆದಂಡು ಕಟ್ಟಿಕೊಂಡು ಹೋದ ಹಳೇ ಕಾಲದ ಸೇನಾಪತಿ ಹ್ಯಾನಿಬಾಲನ ಹಾಗೆ ಆಲ್ಪ್ಸ್ ಪರ್ವತ ದಾಟುವ ಆಸೆಯಂತೆ.

ಆಗ ಏರ್ ಇಂಡಿಯಾ ಸರ್ಕಾರದ್ದು. ಆ ಫೈಲನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಿ. ‘ವಿಷಯ: ಸಿಗರೇಟು ಬೂದಿ ತಟ್ಟೆಗಳ ಬಾಬ್ತು ಆನೆ ಪಾವತಿ.’ ಮೂರು ಕೊಟೇಶನ್ ತರಿಸಿದರೋ? ಅತಿ ಕಡಿಮೆ ದರದ ಎಲ್ 1 ಆನೆ ಯಾವುದು? ಆಡಿಟ್‌ನವರು ವೋಚರಿಗೆ ಸೊಂಡಿಲ ಗುರುತು ಕೇಳಿದರೋ? ಕಚೇರಿಯಲ್ಲಿ ಪೆನ್ಸಿಲ್ ಮಂಜೂರಾಗಲು ಮೂರು ತಿಂಗಳು ಹಿಡಿಯುತ್ತಿದ್ದ ಕಾಲ ಅದು. ಆನೆ ಮಾತ್ರ ಮಂಜೂರಾಯಿತು! ಬೆಂಗಳೂರಿನಿಂದ ಮರಿ ವಿಮಾನ ಹತ್ತಿ ಜಿನೀವಾಕ್ಕೆ ಹೋಯಿತು. ಅಲ್ಲಿಂದ ಲಾರಿಯಲ್ಲಿ ಸ್ಪೇನಿಗೆ. ಸರ್ರಿಯಲಿಸಂ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಡಾಲಿಯ ಚಿತ್ರ ತೋರಿಸುವುದಿಲ್ಲ. ಆ ಫೈಲಿಗೆ ಸಹಿ ಹಾಕಿದ ಗುಮಾಸ್ತನನ್ನು ನೆನೆಯುತ್ತೇನೆ.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ಡಾಲಿಯೂ ಹಾಗೇ. ಖಾಲಿ ಹಾಳೆಗೆ ಸಹಿ ಹಾಕಿ ಮಾರುತ್ತಿದ್ದ. 1974ರಲ್ಲಿ ಫ್ರೆಂಚ್ ಕಸ್ಟಮ್ಸಿನವರು ಅಂಥ 40,000 ಹಾಳೆ ತುಂಬಿದ ಲಾರಿ ಹಿಡಿದರು. ಸರ್ರಿಯಲಿಸಂ ಹುಟ್ಟುಹಾಕಿದ ಫ್ರೆಂಚ್ ಕವಿ ಆಂದ್ರೆ ಬ್ರೆತಾಂಗೆ ಇವನನ್ನು ಕಂಡರೆ ಆಗುತ್ತಿರಲಿಲ್ಲ. ಹೆಸರಿನ ಅಕ್ಷರಗಳನ್ನೇ ಆಚೀಚೆ ಮಾಡಿ ‘ಅವಿಡಾ ಡಾಲರ್ಸ್’ ಅಂತ ಕರೆದ. ನಮ್ಮ ಮಾತಲ್ಲಿ ದುಡ್ಡುಬಾಕ. ಬ್ರೆತಾಂ ಸ್ವತಃ ಯುದ್ಧದಲ್ಲಿ ತಲೆಕೆಟ್ಟ ಸೈನಿಕರ ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು. ಕನಸನ್ನು ಬಿಡುಗಡೆ ಮಾಡಿದರೆ ಲೋಕ ಬದಲಾದೀತು ಅಂತ 1924ರಲ್ಲಿ ಪ್ರಣಾಳಿಕೆ ಬರೆದ. 1927ರಲ್ಲಿ ಕಮ್ಯುನಿಸ್ಟ್ ಪಾರ್ಟಿ ಸೇರಿದ. ಅವನ ಗೆಳೆಯ, ಬೆಲ್ಜಿಯಮ್ಮಿನ ಚಿತ್ರಕಾರ ರೆನೆ ಮಾಗ್ರಿಟ್ಟನೂ ಎಡಪಂಥದವನೇ. ಆ ಮಾಗ್ರಿಟ್ಟನ ಒಂದು ಚಿತ್ರ, ಮೇಲೆ ಹಗಲಿನ ಆಕಾಶ, ಕೆಳಗೆ ದೀಪ ಹಚ್ಚಿದ ರಾತ್ರಿಯ ಮನೆ, ಬಾಳೆಹಣ್ಣಿನ ಹರಾಜಿನ ಹಿಂದಿನ ದಿನ ಅದೇ ನ್ಯೂಯಾರ್ಕಿನಲ್ಲಿ 12 ಕೋಟಿ ಡಾಲರ್ ದಾಟಿತು. ರೂಪಾಯಿಯಲ್ಲಿ ಸಾವಿರ ಕೋಟಿ. ದುಡ್ಡುಬಾಕ ಯಾರು ಅಂತ ಈಗ ಬ್ರೆತಾಂನನ್ನು ಕೇಳಬೇಕು.

ಹಣ್ಣು ಮಾರಿದ ಮುದುಕನ ವಿಷಯ ಹೇಳಿಲ್ಲ. ಬಾಂಗ್ಲಾದೇಶದಿಂದ ಹೋದವನು. ಗಾಡಿ ಅವನದಲ್ಲ, ಗಂಟೆಗೆ 12 ಡಾಲರ್ ಕೂಲಿ. ತಾನು ಕೊಟ್ಟ ಹಣ್ಣು ಎಷ್ಟಕ್ಕೆ ಹೋಯಿತು ಅಂತ ಪತ್ರಕರ್ತರಿಂದ ಕೇಳಿ ಅತ್ತುಬಿಟ್ಟ. ಅದು ಸುದ್ದಿಯಾದ ಮೇಲೆ ಸನ್ ಸಾಹೇಬರು ಕರಗಿದರು. ಅದೇ ಗಾಡಿಯಲ್ಲಿ 1 ಲಕ್ಷ ಬಾಳೆಹಣ್ಣು ಕೊಳ್ಳುತ್ತೇನೆ ಅಂತ ಘೋಷಿಸಿದರು. ಲಾಭ ಹೋಗಬೇಕಾದದ್ದು ಗಾಡಿಯ ಮಾಲೀಕನಿಗೆ, ಬಂದರೆ ಕೆಲಸಗಾರರ ಜೊತೆ ಹಂಚಿಕೊಳ್ಳುತ್ತೇನೆ ಅಂದ ಆತ. ಆಗಿನ ದರ, ಒಂದೊಂದೇ ಕೊಂಡರೆ ಹಣ್ಣಿಗೆ 35 ಸೆಂಟ್. ಜಾಸ್ತಿ ಕೊಂಡರೆ ಡಾಲರಿಗೆ ನಾಲ್ಕು.