‘ಹೋಗಬಹುದು’ ಎನ್ನದ ರೇಂಜರ್

ಅಮೆರಿಕದ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ಫರ್ನೇಸ್ ಕ್ರೀಕ್‌ನಲ್ಲಿರುವ ಸಂದರ್ಶಕರ ಕೇಂದ್ರದ ಮೇಜಿನ ಹಿಂದೆ ಕುಳಿತಿದ್ದ ರೇಂಜರ್‌ ಅವರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ನಾಳೆ ರೇಸ್‌ಟ್ರ್ಯಾಕ್ ರಸ್ತೆಯಲ್ಲಿ ಹೋಗಬಹುದೇ? ಅವರು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ, ನನ್ನನ್ನೇ ವಿಚಾರಿಸತೊಡಗಿದರು. ಟೈರು ಗಾಡಿಯ ಜೊತೆಗೆ ಬಂದದ್ದೋ, ಪಕ್ಕೆ ಗಟ್ಟಿಯಿರುವಂಥದ್ದೋ? ಸ್ಟೆಪ್ನಿ ಪೂರ್ತಿ ಅಳತೆಯದೋ, ಡಿಕ್ಕಿಯಲ್ಲಿ ಮಲಗಿಸಿರುವ ಸಣ್ಣ ಚಕ್ರವೋ? ಜ್ಯಾಕನ್ನು ಎಂದಾದರೂ ಬಳಸಿ ನೋಡಿದ್ದೀರಾ, ಗಾಳಿ ತುಂಬುವ ಪಂಪು ಇದೆಯೇ, ನೀರೆಷ್ಟು ಒಯ್ಯುತ್ತೀರಿ? ಎಲ್ಲವನ್ನೂ ಕೇಳಿಸಿಕೊಂಡು ನಕ್ಷೆಯನ್ನು ನನ್ನ ಕಡೆಗೆ ತಿರುಗಿಸಿ, ಪೆನ್ಸಿಲಿನ ತುದಿಯನ್ನು ರಸ್ತೆಯ ಗೆರೆಯ ಮೇಲೆ ಮೆಲ್ಲಗೆ ಎಳೆಯುತ್ತಾ, ರಸ್ತೆ ತೆರೆದಿದೆ, ಕಲ್ಲು ಬಹಳ ಚೂಪು, ಫೋನು ಎಲ್ಲಿಯೂ ಸಿಗುವುದಿಲ್ಲ, ತೀರ್ಮಾನ ನಿಮ್ಮದು ಎಂದರು. ಅಷ್ಟು ದೂರದಿಂದ ಬಂದವನಿಗೆ ‘ಹೋಗಿ ಬನ್ನಿ’ ಎಂದು ಒಂದು ಮಾತು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಆ ಕ್ಷಣ ನನಗೆ ಅನ್ನಿಸದೆ ಇರಲಿಲ್ಲ.

ನಾನು ಹೊಸನಗರ ತಾಲ್ಲೂಕಿನವನು. ಕೊಡಚಾದ್ರಿಯ ಬುಡದಲ್ಲಿರುವ ಯಾವ ಊರಿನ ಹೋಟೆಲಿನಲ್ಲಾದರೂ ಚಹಾ ಕುಡಿಯುತ್ತಾ ಇದೇ ಪ್ರಶ್ನೆ ಕೇಳಿ ನೋಡಿ. “ಹೋಗ್ತದೆ ಮಾರಾಯ್ರೇ, ಎಂತ ತೊಂದರೆಯೂ ಇಲ್ಲ” ಎಂಬ ಉತ್ತರ ಚಹಾಕ್ಕಿಂತ ಮೊದಲೇ ಬರುತ್ತದೆ. ಹೇಳುವವರು ದೀಪಾವಳಿಯಿಂದೀಚೆಗೆ ಮೇಲೆ ಹೋಗಿರುವುದಿಲ್ಲ. ಕೇಳಿದವರು ಮಹೀಂದ್ರ ಜೀಪಿನಲ್ಲಿ ಬಂದಿದ್ದಾರೋ, ನೆಲ ಸವರುವ ಆಲ್ಟೋದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬಂದಿದ್ದಾರೋ ಎಂದು ಬಾಗಿಲಿನಾಚೆ ಇಣುಕಿ ನೋಡುವ ಅಭ್ಯಾಸವೂ ನಮ್ಮಲ್ಲಿಲ್ಲ. ನನ್ನ ಚಿಕ್ಕಪ್ಪ ಇಂಥದೊಂದು ಆಶ್ವಾಸನೆಯನ್ನು ನಂಬಿ ಆಷಾಢದಲ್ಲಿ ಘಟ್ಟದ ಒಳದಾರಿಯೊಂದನ್ನು ಹಿಡಿದು, ಮೋರಿಯೇ ಕೊಚ್ಚಿಹೋದ ಜಾಗದಿಂದ ಕೆಸರಿನಲ್ಲಿ ರಿವರ್ಸ್ ಗೇರಿನಲ್ಲೇ ವಾಪಸ್ಸು ಬಂದಿದ್ದರು. ದಾರಿ ಹೇಳಿದವರ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ, ಸಿಟ್ಟು ಬಂದದ್ದು ನನಗೆ. ದೂರದಿಂದ ಬಂದವರಿಗೆ ಬೇಡ ಎನ್ನುವುದು ನಮ್ಮವರಿಗೆ ಅಂಗಳಕ್ಕೆ ಬಂದವರನ್ನು ಹಿಂದಕ್ಕೆ ಕಳಿಸಿದಷ್ಟೇ ಸಂಕಟದ ಕೆಲಸ. ಗೊತ್ತಿಲ್ಲ ಎನ್ನುವುದಂತೂ ಇನ್ನೂ ಕಷ್ಟ.

ಇಲ್ಲಿ, ಡೆತ್ ವ್ಯಾಲಿಯಲ್ಲಿ, ಆ ದಾಕ್ಷಿಣ್ಯವಿಲ್ಲ, ಇರಲು ಅವಕಾಶವೂ ಇಲ್ಲ. ಇಡೀ ಶಿವಮೊಗ್ಗ ಜಿಲ್ಲೆಗಿಂತ ದೊಡ್ಡದಾದ ಈ ಉದ್ಯಾನದಲ್ಲಿ ಡಾಂಬರು, ಮಣ್ಣು ಎಲ್ಲ ಸೇರಿ ಸುಮಾರು 1,000 ಮೈಲಿಗಳಷ್ಟು ರಸ್ತೆಯಿದೆ. ಒಂದೊಂದು ರಸ್ತೆಯ ಹೆಸರು ಹಿಡಿದು, ಅದು ತೆರೆದಿದೆಯೇ ಮುಚ್ಚಿದೆಯೇ, ಸಾಮಾನ್ಯ ಕಾರು ಸಾಕೇ, ನೆಲದಿಂದ ಎತ್ತರವಿರುವ ಗಾಡಿ ಬೇಕೇ, ನಾಲ್ಕೂ ಚಕ್ರ ಎಳೆಯುವಂಥದ್ದೇ ಆಗಬೇಕೇ ಎಂದು ಆಡಳಿತದವರು ಪಟ್ಟಿ ಮಾಡಿ ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ಆ ಪಟ್ಟಿ ಓದಲು ರುಚಿಯಿಲ್ಲದ ಬರಹ. ಆದರೆ ಅದರಲ್ಲಿ ನನಗೆ ಮೆಚ್ಚುಗೆಯಾದದ್ದು ಅದರ ನಿರ್ದಾಕ್ಷಿಣ್ಯವೇ. ಯೂಬೆಹೀಬಿ ಜ್ವಾಲಾಮುಖಿಯ ಬಾಯಿಯ ಹತ್ತಿರ ಡಾಂಬರು ಮುಗಿದು, ಅಲ್ಲಿಂದ 40 ಕಿ.ಮೀ.ಗೂ ಹೆಚ್ಚು ದೂರ ತಗಡಿನ ಶೀಟಿನಂತೆ ಏರಿಳಿಯುವ ಮಣ್ಣಿನ ಮೇಲೆ ಹಲ್ಲು ಕಟಕಟಿಸುತ್ತಾ ಸಾಗಿದರೆ ರೇಸ್‌ಟ್ರ್ಯಾಕ್ ಎಂಬ ಒಣಗಿದ ಕೆರೆಯಂಗಳ ಸಿಗುತ್ತದೆ. ಅದರ ಮೇಲೆ ಕಲ್ಲುಗಳು ತಾವೇ ಜರುಗಿ ಗೆರೆ ಎಳೆಯುತ್ತವೆ. ಚಳಿಗಾಲದ ತೆಳು ಮಂಜುಗಡ್ಡೆಯೂ ಗಾಳಿಯೂ ಸೇರಿ ಅವನ್ನು ತಳ್ಳುತ್ತವೆ ಎಂದು 2014ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಗುಂಡಿ ತಪ್ಪಿಸಲು ಗಾಡಿಯನ್ನು ರಸ್ತೆಯ ಅಂಚು ದಾಟಿಸುವುದು ಇಲ್ಲಿ ಅಪರಾಧ. ಕೆರೆಯಂಗಳ ಒದ್ದೆಯಿದ್ದಾಗ ಅದರ ಮೇಲೆ ನಡೆಯಲೂ ಬಾರದು, ಹೆಜ್ಜೆ ಗುರುತು ವರ್ಷಗಟ್ಟಲೆ ಅಳಿಯುವುದಿಲ್ಲ. ಹೀಗಾಗಿ ಮೊದಲೇ ವಿಚಾರಿಸುವುದೆಂದರೆ ರಸ್ತೆಯ ವಿಚಾರವಷ್ಟೇ ಅಲ್ಲ, ಮಳೆಯ ವಿಚಾರವೂ ಹೌದು.

ಮಳೆಯ ಮಾತು ಮಲೆನಾಡಿನವನಿಗೆ ಮೊದಮೊದಲು ನಗು ತರಿಸುತ್ತದೆ. ವರ್ಷವಿಡೀ ಸುಮಾರು 2 ಅಂಗುಲ ಮಳೆ ಕಾಣುವ ಫರ್ನೇಸ್ ಕ್ರೀಕ್‌ನಲ್ಲಿ 2023ರ ಆಗಸ್ಟ್ 20ರಂದು, ಹಿಲರಿ ಚಂಡಮಾರುತದ ಉಳಿಕೆ ಬಂದಾಗ, ಒಂದೇ ದಿನದಲ್ಲಿ 2.2 ಅಂಗುಲ ಸುರಿಯಿತು. ಅಂದರೆ ಸುಮಾರು 56 ಮಿ.ಮೀ.; ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ಅಷ್ಟು ಮಳೆ ಬಂದರೆ ಇವತ್ತು ಹೊಳವಾಗಿದೆ ಎಂದು ಹಪ್ಪಳ ಒಣಗಿಸುವ ಯೋಚನೆ ಮಾಡುತ್ತಾರೆ. ಇಲ್ಲಿ ಅದೇ ಮಳೆಗೆ ಡಾಂಬರು ರಸ್ತೆಗಳೇ ಹೋಳುಹೋಳಾಗಿ ಕೊಚ್ಚಿಹೋದವು, ಅಕ್ಟೋಬರ್ 15ರವರೆಗೆ ಇಡೀ ಉದ್ಯಾನವನ್ನು ಮುಚ್ಚಿದರು, ಮತ್ತೆ ತೆರೆದ ಮೇಲೂ ಒಳಭಾಗದ ಎಷ್ಟೋ ಮಣ್ಣಿನ ದಾರಿಗಳು ಬಹುಕಾಲ ಮುಚ್ಚಿಯೇ ಇದ್ದವು. ನೀರು ಹಿಡಿಯಲು ಮರವಿಲ್ಲ, ಹುಲ್ಲಿಲ್ಲ. ಬಿದ್ದ ನೀರು ಬೋಳು ಬೆಟ್ಟದಿಂದ ಕಲ್ಲನ್ನೂ ಮಣ್ಣನ್ನೂ ಬಾಚಿಕೊಂಡು ಒಣ ಹಳ್ಳದಲ್ಲಿ ನುಗ್ಗುತ್ತದೆ, ಮತ್ತು ರಸ್ತೆಗಳು ಎಷ್ಟೋ ಕಡೆ ಹಾದುಹೋಗುವುದು ಅದೇ ಹಳ್ಳದಲ್ಲಿ. ನೀವಿರುವಲ್ಲಿ ಬಿಸಿಲಿದ್ದರೂ ದೂರದ ಶಿಖರದಲ್ಲಿ ಗುಡುಗಿದರೆ ಸಾಕು. ಫೋನಿನ ನಕ್ಷೆಗೆ ಇದೊಂದೂ ಗೊತ್ತಿರುವುದಿಲ್ಲ. ಮುಚ್ಚಿಹೋದ ದಾರಿಯನ್ನೂ ಅದು ಹತ್ತಿರದ ದಾರಿಯೆಂದೇ ತೋರಿಸಬಹುದು, ಅದನ್ನು ನೆಚ್ಚಬೇಡಿ ಎಂದು ಉದ್ಯಾನದವರು ಬಾಯಿಬಿಟ್ಟು ಎಚ್ಚರಿಸುತ್ತಾರೆ.

ನಮ್ಮಲ್ಲಿಯೂ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಜರಿದರೆ ಜಿಲ್ಲಾಧಿಕಾರಿಗಳ ಆದೇಶ ಬರುತ್ತದೆ, ಘನ ವಾಹನಗಳಿಗೆ ನಿಷೇಧ ಬರುತ್ತದೆ, ಅದು ಪತ್ರಿಕೆಯಲ್ಲೂ ಬರುತ್ತದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಆದೇಶದ ಜೊತೆಜೊತೆಗೇ ಹಿಂದೆಂದೋ ಜರಿದ ಗುಡ್ಡದ ವಿಡಿಯೊ ವಾಟ್ಸಾಪಿನಲ್ಲಿ ಇವತ್ತಿನದಾಗಿ ಓಡಾಡುತ್ತದೆ, ಮತ್ತು ಹೆದ್ದಾರಿ ಬಿಟ್ಟು ಒಂದು ಕವಲು ಒಳಗೆ ಹೋದರೆ ಆ ದಾರಿಯ ಬಗ್ಗೆ ದಿನಾಂಕ ಹಾಕಿ ಎರಡು ಸಾಲು ಬರೆದಿಟ್ಟವರು ಯಾರೂ ಇರುವುದಿಲ್ಲ. ನಮಗೆ ಬೇಕಾಗಿರುವುದು ಆ ದಿನಾಂಕ.

ಹಾಗೆಂದು ಇಲ್ಲಿನ ಪಟ್ಟಿಯನ್ನು ವೇದವಾಕ್ಯ ಮಾಡಿಕೊಳ್ಳುವಂತೆಯೂ ಇಲ್ಲ. ರೇಂಜರ್ ಕೊನೆಯ ಸಲ ಆ ದಾರಿಯಲ್ಲಿ ಗಾಡಿ ಓಡಿಸಿದ ದಿನಕ್ಕೆ ಅದರ ಆಯಸ್ಸು ಮುಗಿದಿರುತ್ತದೆ, ಆಮೇಲೆ ಬಂದ ಒಂದು ಗಾಳಿಮಳೆಗೆ ಅದು ಹಳೆಯ ಪಂಚಾಂಗ. ಕೊಡಚಾದ್ರಿಯ ಜೀಪು ಚಾಲಕನಾದರೋ ಬೇಸಗೆಯ ರಜೆಯಲ್ಲಿ ದಿನಕ್ಕೆರಡು ಸಲ ಹತ್ತಿಳಿಯುವವನು. ಯಾವ ತಿರುವಿನ ಕಲ್ಲು ನಿನ್ನೆ ಎಲ್ಲಿತ್ತು, ಇವತ್ತು ಎಲ್ಲಿಗೆ ಉರುಳಿದೆ ಎಂಬುದು ಅವನ ಕಾಲಿಗೇ ಗೊತ್ತು. ಸಿಕ್ಕಿಹಾಕಿಕೊಂಡರಂತೂ ಹೋಲಿಕೆಯೇ ಇಲ್ಲ. ಇಲ್ಲಿ ಟೈರು ಹರಿದು ನಿಂತರೆ, ಎಳೆದು ತರುವ ಲಾರಿಯ ಖರ್ಚು ಸಾವಿರ ಡಾಲರ್ ದಾಟಬಹುದು, ಅದೂ ಅವರನ್ನು ಕರೆಯುವ ದಾರಿಯೊಂದು ನಿಮಗಿದ್ದರೆ. ಅಲ್ಲಿ ಹಗ್ಗ ಹಿಡಿದು ಬರುವವರು ದುಡ್ಡಿನ ಮಾತನ್ನು ಗಾಡಿ ಮೇಲೆ ಬಂದ ಮೇಲೆ ಎತ್ತುತ್ತಾರೆ, ಎಷ್ಟೋ ಸಲ ಎತ್ತುವುದೂ ಇಲ್ಲ.

ಇನ್ನೊಂದನ್ನು ಮನಸ್ಸಿಲ್ಲದಿದ್ದರೂ ಒಪ್ಪಬೇಕು. ನಾನು ಹೋದರೂ ಹೋಗದಿದ್ದರೂ ಆ ರೇಂಜರ್‌ ಅವರ ಸಂಬಳ ಬಂದೇ ಬರುತ್ತದೆ, ಆದ್ದರಿಂದ ಅವರಿಗೆ ನಿಷ್ಠುರವಾಗಿರುವುದು ಸುಲಭ. ಜೀಪಿನವನು ‘ಇವತ್ತು ಬೇಡ’ ಎಂದರೆ ಅವನ ಅವತ್ತಿನ ಬಾಡಿಗೆ ಹೋಯಿತು, ಹೋಟೆಲಿನವರ ಹತ್ತು ಊಟವೂ ಹೋಯಿತು. ಅರಣ್ಯ ಇಲಾಖೆಯ ಗೇಟಿನಲ್ಲಿ ಟಿಕೆಟ್ ಹರಿಯುವ ಜಾಗದಲ್ಲೇ ಒಂದು ಕರಿಹಲಗೆ ತೂಗುಹಾಕಿ, ಬೆಳಗಿನ ಮೊದಲ ಜೀಪು ಇಳಿಸಿ ಬಂದವನ ಕೈಯಲ್ಲಿ ದಾರಿಯ ಸ್ಥಿತಿಯನ್ನು ದಿನಾಂಕ ಸಮೇತ ಬರೆಸಬೇಕೆಂಬ ಆಸೆ ನನಗಿದೆ. ಹಾಗೆ ಬರೆಸುವುದಾದರೆ, ಗೇಟು ಮುಚ್ಚುವ ದಿನದ ಕೂಲಿಯನ್ನೂ ಅವನಿಗೆ ಯಾರಾದರೂ ಕಟ್ಟಿಕೊಡಬೇಕಾಗುತ್ತದೆ.