ಸೇತುಬಂಧದಲ್ಲಿ ಸೊನ್ನೆ ಪಡೆದ ಮಕ್ಕಳು

ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ನಮ್ಮ ಸರ್ಕಾರಿ ಶಾಲೆಗಳಲ್ಲಿ, ಹಿಂದಿನ ತರಗತಿಯ ಕಲಿಕೆಯನ್ನು ಹೊಸ ತರಗತಿಗೆ ಜೋಡಿಸುವ ಸೇತುಬಂಧ ನಡೆಯುತ್ತದೆ. ಮಗು ಎಲ್ಲಿ ಹಿಂದುಳಿದಿದೆ ಎಂದು ತಿಳಿಯುವ ನೈದಾನಿಕ ಪರೀಕ್ಷೆ, ಆ ಕೊರತೆ ತುಂಬುವ ಪರಿಹಾರ ಬೋಧನೆ, ಬಳಿಕ ಕಲಿತದ್ದನ್ನು ನೋಡುವ ಸಾಫಲ್ಯ ಪರೀಕ್ಷೆ ಎಂಬ ಈ ಕ್ರಮದಲ್ಲಿ ನನಗೆ ದೋಷ ಕಾಣುವುದಿಲ್ಲ. ಆದರೆ ಅಂಕಗಳನ್ನು ಕೂಡಿ, ಮಕ್ಕಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ‘ಸಿ’ ಗುಂಪಿಗೆ ಹಳೆಯ ಪಾಠವನ್ನೇ ಇನ್ನಷ್ಟು ಗಟ್ಟಿ ದನಿಯಲ್ಲಿ ಒಪ್ಪಿಸುವುದನ್ನು ಪರಿಹಾರ ಬೋಧನೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

52ರಲ್ಲಿ 27 ಕಳೆಯುವ ಲೆಕ್ಕವನ್ನೇ ನೋಡಿ. ಒಂದು ಮಗು 35 ಎಂದು ಬರೆಯುತ್ತದೆ, ಇನ್ನೊಂದು 79, ಮತ್ತೊಂದು 24. ಮೂವರಿಗೂ ಸಿಗುವುದು ಸೊನ್ನೆಯೇ. 35 ಬರೆದ ಮಗು ಬಿಡಿ ಸ್ಥಾನದಲ್ಲಿ 7ರಿಂದ 2ನ್ನು ಕಳೆದಿದೆ. ಅದಕ್ಕೆ ಹತ್ತು ಕಡ್ಡಿಗಳ ಕಟ್ಟನ್ನು ಬಿಚ್ಚಿಸಿ, ದಶಕವೊಂದು ಬಿಡಿಗಳಾಗುವುದನ್ನು ಕೈಯಾರೆ ಮಾಡಿಸಬೇಕು. 79 ಬರೆದದ್ದು ಚಿಹ್ನೆಯನ್ನು ಗಮನಿಸದೆ ಕೂಡಿಬಿಟ್ಟಿದೆ. 24 ಬರೆದ ಮಗುವಿಗೆ ವಿಧಾನ ಗೊತ್ತಿದೆ, 12ರಲ್ಲಿ 7 ಕಳೆಯುವಾಗ ಎಣಿಕೆ ತಪ್ಪಿದೆ, ಅಷ್ಟೆ. ಅದನ್ನೂ ಕಡ್ಡಿಕಟ್ಟಿನ ಮುಂದೆ ಕೂರಿಸಿದರೆ ಬೇಸರ ಹುಟ್ಟಿಸಿದಂತಾಗುತ್ತದೆ.

ಭಾಷೆಯಲ್ಲಿ ಇದು ಇನ್ನೂ ಸೂಕ್ಷ್ಮ. ಹಳೆ ಮೈಸೂರಿನ ಕಡೆ ‘ಹಾಲು’ ಎಂಬುದನ್ನು ‘ಆಲು’ ಎಂದು ಓದುವ ಮಗು ಮನೆಯ ಮಾತಿನಲ್ಲಿ ಓದುತ್ತಿರಬಹುದು. ‘ಅಕ್ಕ’ ಎಂಬುದನ್ನು ‘ಅಕ’ ಎಂದು ಓದುವ ಮಗುವಿಗೆ ಒತ್ತಕ್ಷರವೇ ಹಿಡಿತಕ್ಕೆ ಬಂದಿರುವುದಿಲ್ಲ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗು ಸರಾಗವಾಗಿ ಓದಿಯೂ ಅರ್ಥ ಹೇಳಲಾರದೆ ನಿಂತರೆ, ಅದಕ್ಕೆ ಕಾಗುಣಿತ ತಿದ್ದಿಸಿ ಪ್ರಯೋಜನವಿಲ್ಲ, ಅದರೊಂದಿಗೆ ಕನ್ನಡದಲ್ಲಿ ಮಾತಾಡಬೇಕು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ, ಈಗ ಮೊದಲ ಮೂರು ತರಗತಿಗಳಲ್ಲಿ ಚಟುವಟಿಕೆಯ ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಈ ತಿಳಿವಳಿಕೆ ಇತ್ತು. ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಂತೆ ಜೋಡಿಸಿದ ಕಲಿಕಾ ಏಣಿಯಲ್ಲಿ ಮಗು ಎಲ್ಲಿದೆಯೋ ಅಲ್ಲಿಂದಲೇ ಮುಂದುವರಿಯುತ್ತದೆ, ಅದು ಕೂರುವ ‘ತಟ್ಟೆ’, ಅಂದರೆ ಗುಂಪು, ಕಾರ್ಡಿಗೆ ತಕ್ಕಂತೆ ಬದಲಾಗುತ್ತದೆ, ಹಾಗಾಗಿ ಯಾರೂ ವರ್ಷವಿಡೀ ‘ಸಿ’ ಆಗಿ ಉಳಿಯುವುದಿಲ್ಲ. (ಕಾರ್ಡುಗಳು ಹರಿದು, ಕಳೆದುಹೋದ ಕೊಠಡಿಗಳ ಕಥೆ ಬೇರೆ.) ಆದರೆ ನಾಲ್ಕನೇ ತರಗತಿಗೆ ಬಂದೊಡನೆ ಎಲ್ಲರಿಗೂ ಒಂದೇ ಪುಟ.

ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ನಿಭಾಯಿಸುವಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದು. ಪ್ರತಿ ಮಗುವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕೆಂದು ನಾನು ಹೇಳುತ್ತಿಲ್ಲ. ಉತ್ತರ ಪತ್ರಿಕೆಗಳನ್ನು ಅಂಕದ ಬದಲು ತಪ್ಪಿನ ಬಗೆಯ ಪ್ರಕಾರ ಜೋಡಿಸಿಕೊಂಡು, ಕಾರಣ ತಿಳಿಯದ ಕೆಲವರನ್ನು ಮಾತ್ರ ಕರೆದು, “ಇದನ್ನು ಹೇಗೆ ಮಾಡಿದೆ, ಹೇಳು ಪುಟ್ಟ” ಎಂದು ಕೇಳಿದರೆ ಸಾಕು. ಇಲಾಖೆಯ ಕ್ರೋಢೀಕರಣ ನಮೂನೆಯಲ್ಲಿಯೂ ಶೇಕಡಾವಾರಿನ ಪಕ್ಕದಲ್ಲಿ ತಪ್ಪಿನ ಬಗೆಗೊಂದು ಕಲಂ ಇಟ್ಟು, ಅದನ್ನು ತುಂಬುವ ಸಮಯಕ್ಕಾಗಿ ಬೇರೆ ಎರಡು ಕಲಂಗಳನ್ನು ಕೈಬಿಡಲಿ.